ಆಚೆ ದಡದ ಮರ

ಆ ನದಿಗೆ ಹೆಸರಿರಲಿಲ್ಲ. ಈಚೆ ದಡದವರು ಅದನ್ನು ನೀರು ಎನ್ನುತ್ತಿದ್ದರು, ಆಚೆ ದಡದವರು ಹೊಳೆ ಎನ್ನುತ್ತಿದ್ದರು. ಈಚೆ ದಡದಲ್ಲಿ ಮರಳಿತ್ತು, ಜೊಂಡು ಹುಲ್ಲಿತ್ತು, ಮೊಣಕಾಲೆತ್ತರದ ಮುಳ್ಳುಗಿಡಗಳಿದ್ದವು. ಆಚೆ ದಡದಲ್ಲಿ ಮರಗಳಿದ್ದವು, ಮರಗಳ ನೆರಳಲ್ಲಿ ಊರಿತ್ತು, ಊರಿನ ಸುತ್ತ ಗದ್ದೆಗಳಿದ್ದವು. ಈಚೆಯವರು ಮೀನು ಹಿಡಿದು, ಹುಲ್ಲಿನ ಬೀಜ ಬಡಿದು ಗಂಜಿ ಕಾಯಿಸಿ ಬದುಕುತ್ತಿದ್ದರು. ಆಚೆಯವರು ಅನ್ನ ಉಣ್ಣುತ್ತಿದ್ದರು.

ದಾಟಬೇಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ಯಾರು ಬೇಕಾದರೂ ದಾಟಬಹುದಿತ್ತು. ದಾಟಿ ಬಂದವರಿಗೆ ಆಚೆ ಊರಿನಲ್ಲಿ ಮನೆಯಿತ್ತು, ಹೊಲವಿತ್ತು, ಪಂಕ್ತಿಯಲ್ಲಿ ಎಲೆಯಿತ್ತು. ಇದ್ದದ್ದು ಒಂದೇ ಕಟ್ಟಳೆ. ದಾಟುವವರು ತಮ್ಮ ಕೈಯಾರೆ ಕಟ್ಟಿದ ದೋಣಿಯಲ್ಲಿ ದಾಟಬೇಕು, ಆ ದೋಣಿಯ ಮರ ಹೊಳೆ ತಾನಾಗಿ ತಂದ ಮರವಾಗಿರಬೇಕು. ಯಾರೋ ಕೊಟ್ಟದ್ದಾಗಿರಬಾರದು, ಯಾರೋ ಕಳಿಸಿದ್ದಾಗಿರಬಾರದು.

ಮರವೆಲ್ಲ ಆಚೆ ದಡದಲ್ಲೇ ಇತ್ತು.

ಹುಣ್ಣಿಮೆಯ ಸಂಜೆ ಆಚೆ ಊರಿನವರು ಮಕ್ಕಳುಮರಿ ಕಟ್ಟಿಕೊಂಡು ದಡಕ್ಕೆ ಬರುತ್ತಿದ್ದರು. ಬಾಯಿಗೆ ಬೊಗಸೆ ಹಿಡಿದು ಕೂಗುತ್ತಿದ್ದರು. "ಬನ್ನಿ, ಬನ್ನಿ! ನಿಮ್ಮ ಕೈ ನಿಮಗಿದೆ!" ಅದು ಗೇಲಿಯಲ್ಲ, ಮನಸಾರೆ ಕೂಗುತ್ತಿದ್ದರು. ಕೂಗುತ್ತ ಕೂಗುತ್ತ ಕೆಲವರ ಕಣ್ಣು ತೇವವಾಗುತ್ತಿತ್ತು. ಅವರಲ್ಲಿ ದೋಣಿ ಕಟ್ಟಿದವರು ಯಾರೂ ಇರಲಿಲ್ಲ. ಎಲ್ಲರೂ ಅಲ್ಲೇ ಹುಟ್ಟಿದವರು. ಆದರೆ ತಮ್ಮ ತಾತನೋ ಮುತ್ತಾತನೋ ಕಟ್ಟಿದ್ದನೆಂದು ಪ್ರತಿಯೊಬ್ಬರೂ ನಂಬಿದ್ದರು.

ಚಳಿಗಾಲದಲ್ಲಿ ಈಚೆ ದಡದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಮುಳ್ಳುಗಿಡದ ಕಡ್ಡಿ ಗಂಜಿ ಕುದಿಸಲು ಸಾಲುತ್ತಿತ್ತು, ಚಳಿ ಕಾಯಿಸಲು ಸಾಲುತ್ತಿರಲಿಲ್ಲ. ನೆರೆಯಲ್ಲಿ ತೇಲಿಬಂದ ತುಂಡುಗಳನ್ನು ಕೂಡಿಸಿಟ್ಟುಕೊಂಡವರು, ಮಗುವಿನ ಮೈ ಕಾದಾಗ, ಮುದುಕರ ಹಲ್ಲು ಕಟಕಟಿಸಿದಾಗ, ಅದರಲ್ಲೊಂದು ತುಂಡು ತೆಗೆದು ಉರಿ ಮಾಡುತ್ತಿದ್ದರು. ಆಚೆಯವರು ಆ ಹೊಗೆ ನೋಡಿ ತಲೆಯಾಡಿಸುತ್ತಿದ್ದರು. "ನೋಡಿ, ದೋಣಿ ಸುಟ್ಟುಕೊಳ್ತಿದ್ದಾರೆ. ನಾವು ಕೂಗಿ ಏನು ಬಂತು?"

ಈಚೆ ದಡದಲ್ಲಿ, ನದಿ ಸೊಂಟ ತಿರುಗಿಸಿದಂತೆ ತಿರುಗುವ ಒಂದು ಮಡುವಿನ ಹತ್ತಿರ, ಹೊನ್ನಿ ಎಂಬ ಹುಡುಗಿ ತಾಯಿಯ ಜೊತೆಗೂ ತಮ್ಮ ಕೆಂಚನ ಜೊತೆಗೂ ಇದ್ದಳು. ಹೊನ್ನಿ ಮಾತು ಕಡಿಮೆ, ಹಟ ಜಾಸ್ತಿ. ನೆರೆ ಬಂದಾಗ ಉಳಿದವರು ದಡದ ಮೇಲೆ ನಿಂತು ಕಾಯುತ್ತಿದ್ದರೆ ಅವಳು ಕುತ್ತಿಗೆಯವರೆಗೆ ನೀರಿಗಿಳಿದು ನಿಲ್ಲುತ್ತಿದ್ದಳು. ಕೆಂಪು ನೀರು ಅವಳ ಗದ್ದಕ್ಕೆ ಬಡಿಯುತ್ತಿತ್ತು. ತೇಲಿಬಂದ ಮರ ಹೆಗಲಿಗೆ ತಾಗಿದರೆ ಅಪ್ಪಿ ಹಿಡಿದು ದಡಕ್ಕೆ ಎಳೆಯುತ್ತಿದ್ದಳು. ಹಿಡಿದದ್ದನ್ನು ಒಣಗಿಸುತ್ತಿದ್ದಳು, ಒಣಗಿದ್ದನ್ನು ಗುಡಿಸಲಿನ ಹಿಂದೆ ಮರಳಿನಲ್ಲಿ ಹೂತಿಡುತ್ತಿದ್ದಳು. ಕೆಂಚನೂ ಒಂದಿಷ್ಟು ಕೂಡಿಸಿದ್ದ. ಅವನದು ಸಣ್ಣ ರಾಶಿ.

ಆ ಚಳಿಗಾಲ ತಾಯಿ ಹಾಸಿಗೆ ಹಿಡಿದಳು. ಕಂಬಳಿ ಹೊದಿಸಿದರೂ ನಡುಗುತ್ತಿದ್ದಳು.

"ಹೊನ್ನೀ, ಒಂಚೂರು ಬೆಂಕಿ ಮಾಡೇ," ಎಂದಳು.

ಹೊನ್ನಿ ತಾಯಿಯ ಪಾದಗಳನ್ನು ತನ್ನ ಎದೆಗವಚಿ ಹಿಡಿದುಕೊಂಡಳು. "ಇನ್ನೆರಡು ಹಲಗೆ ಸಿಕ್ಕಿದರೆ ದೋಣಿ ಆಗುತ್ತವ್ವ. ಆಚೆ ಹೋದಮೇಲೆ ದಿನಾ ಬೆಂಕಿ ಹಾಕ್ತೀನಿ. ಒಸಿ ತಡಕೊ."

ತಾಯಿ ತಡೆದುಕೊಂಡಳು. ಆದರೆ ಕೆಂಚನಿಗೆ ತಡೆಯಲಾಗಲಿಲ್ಲ. ತನ್ನ ರಾಶಿಯಿಂದ ಹಲಗೆಗಳನ್ನು ಒಂದೊಂದಾಗಿ ತಂದು ಒಲೆಗಿಟ್ಟ. ಗುಡಿಸಲು ಬೆಚ್ಚಗಾಯಿತು. ತಾಯಿ ಬೆಂಕಿಯ ಕಡೆ ಮುಖ ಮಾಡಿ ಮಲಗಿ, "ಎಷ್ಟು ಹಿತವಾಗಿದೆ," ಎಂದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಕೆಂಚನ ರಾಶಿಯಿದ್ದ ಜಾಗದಲ್ಲಿ ಬರೀ ಗುಳಿಯಿತ್ತು. ಹೊನ್ನಿ ಆ ಗುಳಿಯನ್ನು ನೋಡಿದಳು.

"ಅವ್ವ ಹೇಗಿದ್ದರೂ ಹೋಗೋಳೇ. ಎಲ್ಲ ಸುಟ್ಟೆಯಲ್ಲೋ."

"ಬೆಚ್ಚಗೆ ಹೋದಳಲ್ಲಕ್ಕ," ಎಂದ ಕೆಂಚ.

ಇಬ್ಬರೂ ಮತ್ತೆ ಆ ಮಾತೆತ್ತಲಿಲ್ಲ.

ಮುಂದಿನ ನೆರೆಯಲ್ಲಿ ಹೊನ್ನಿಗೆ ಬೇಕಾದ ಮರ ಬಂತು. ಉದ್ದವಾದ, ನೆಟ್ಟಗಿನ, ಗಂಟಿಲ್ಲದ ಮರ. ಅಂಥ ಮರ ಆ ಮಡುವಿಗೆ ಆಗಾಗ ಬರುತ್ತಿತ್ತು. ಉಳಿದವರಿಗೂ ಬರುತ್ತಿತ್ತು, ಆದರೆ ಹಿಡಿಯಲು ಧೈರ್ಯವಾಗದೆ ಬಿಡುತ್ತಿದ್ದರು, ಅದು ಸುಳಿಯಲ್ಲಿ ಒಮ್ಮೆ ತಿರುಗಿ ಸಮುದ್ರದ ಕಡೆ ಹೋಗುತ್ತಿತ್ತು. ಹೊನ್ನಿ ಬಿಡಲಿಲ್ಲ. ಕಲ್ಲಿನ ಬಾಚಿಯಿಂದ ಕೆತ್ತಿದಳು, ಜೊಂಡಿನ ಹಗ್ಗದಿಂದ ಬಿಗಿದಳು, ಮುಳ್ಳುಗಿಡದ ಅಂಟು ಕಾಯಿಸಿ ಸಂದುಗಳಿಗೆ ಮೆತ್ತಿದಳು. ಅಂಗೈ ಒಡೆದು, ಒಡೆದದ್ದು ಮಾಗಿ, ಮಾಗಿದ್ದು ಮತ್ತೆ ಒಡೆಯಿತು.

"ನೀನೂ ಬಾರೋ," ಎಂದಳು ದೋಣಿ ನೀರಿಗೆ ನೂಕುವಾಗ.

"ಕೈಕಾಲು ಗಟ್ಟಿ ಇರೋ ನಾನು ನಿನ್ನ ದೋಣೀಲಿ ಬಂದರೆ ನಿನ್ನೂ ವಾಪಸ್ ಕಳಿಸ್ತಾರಕ್ಕ. ನೀ ಹೋಗು. ನಾ ಕಟ್ಕೊಂಡು ಬರ್ತೀನಿ," ಎಂದು ಕೆಂಚ ದೋಣಿಯ ಬೆನ್ನಿಗೆ ಕೈಕೊಟ್ಟು ನೂಕಿದ. ಆಮೇಲೆ, ನೂಕಿದ್ದೂ ತಪ್ಪಾಯಿತೇನೋ ಎಂದು ಬೆದರಿ, ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಆಚೆ ದಡದ ಮೆಟ್ಟಿಲ ಮೇಲೆ ದೋಣಿ ನೋಡುವ ಹಿರಿಯರೊಬ್ಬರು ಕುಳಿತಿರುತ್ತಿದ್ದರು. ಅವರ ಕೆಲಸ ಅದೊಂದೇ. ಬಂದ ದೋಣಿಯ ಪಕ್ಕ ಮಂಡಿಯೂರಿ, ಕಣ್ಣು ಮುಚ್ಚಿ, ಹಲಗೆ ಹಲಗೆಯ ಮೇಲೂ ಅಂಗೈ ಆಡಿಸುತ್ತಿದ್ದರು. ಹೊಳೆ ತಂದ ಮರದ ತುದಿ ಮುರಿದಿರುತ್ತದೆ, ಕಳಿಸಿದ ಮರದ ತುದಿ ಕಡಿದಿರುತ್ತದೆ. ಕೊಡಲಿಯ ಗುರುತು ಕೈಗೆ ತಾಗಿದರೆ ಹಿರಿಯರು ಕಣ್ಣು ತೆರೆದು, "ಕಳಿಸಿದ್ದು," ಎನ್ನುತ್ತಿದ್ದರು. ಆಗ ದೋಣಿಯನ್ನು ಒಡೆದು ಅಲ್ಲೇ ಸುಡುತ್ತಿದ್ದರು. ಬಂದವರನ್ನು ಹಿಂದಕ್ಕೆ ಬಿಡಲು ಊರಿನದೇ ಒಂದು ದೊಡ್ಡ ದೋಣಿಯಿತ್ತು. ಬಣ್ಣ ಬಳಿದದ್ದು, ಎರಡು ಹುಟ್ಟಿನದು. ಹಿಂದಿರುಗುವವರಿಗೆ ನೋವಾಗದಿರಲೆಂದು ಅದರ ಹಲಗೆಗಳಿಗೆ ಹತ್ತಿಯ ಮೆತ್ತೆ ಹಾಕಿದ್ದರು. ಅದು ಈಚೆ ದಡಕ್ಕೆ ತುಂಬಿ ಹೋಗುತ್ತಿತ್ತು, ಖಾಲಿ ಬರುತ್ತಿತ್ತು.

ಹಿರಿಯರು ಹೊನ್ನಿಯ ದೋಣಿಯ ಮೇಲೆ ಕೈಯಾಡಿಸಿದರು. ಬಹಳ ಹೊತ್ತು ಆಡಿಸಿದರು. ಮೆಟ್ಟಿಲ ಮೇಲೆ ಜನ ಸೇರಿದ್ದರು.

"ಹೊಳೆ ತಂದದ್ದು," ಎಂದರು.

ಜನ ಕುಣಿದಾಡಿಬಿಟ್ಟರು. ಹೊನ್ನಿಯ ಕೊರಳಿಗೆ ಹಾರ ಬಿತ್ತು. ಅವಳ ದೋಣಿಯನ್ನು ಹೆಗಲ ಮೇಲೆ ಹೊತ್ತು ಊರ ನಡುವಿನ ಚಾವಡಿಗೆ ಒಯ್ದು ಎತ್ತರದಲ್ಲಿಟ್ಟರು. ಮಕ್ಕಳಿಗೆ ತೋರಿಸಿದರು. ಹೊನ್ನಿ ಎಂಬ ಹೆಸರು ಅಂದೇ ಹೊನ್ನಮ್ಮನವರು ಎಂದಾಯಿತು.

ಹುಣ್ಣಿಮೆಯ ಸಂಜೆ ಈಗ ಅವಳನ್ನೇ ಮುಂದೆ ನಿಲ್ಲಿಸುತ್ತಿದ್ದರು. ಅವಳ ದನಿ ನೀರಿನ ಮೇಲೆ ದೂರ ಹೋಗುತ್ತಿತ್ತು. "ನಾನು ನಿಮ್ಮವಳೇ! ನಿಮ್ಮ ಹಾಗೇ ಚಳಿಯಲ್ಲಿ ನಡುಗಿದವಳು! ಕುತ್ತಿಗೆ ನೀರಲ್ಲಿ ಒಬ್ಬಳೇ ನಿಂತೆ! ಯಾರೂ ಕೈಹಿಡಿಯಲಿಲ್ಲ! ನಾನು ಬಂದೆ, ನೀವ್ಯಾಕೆ ಬರೋದಿಲ್ಲ?" ಈಚೆ ದಡದಲ್ಲಿ ಜನ ಕೇಳಿಸಿಕೊಳ್ಳುತ್ತ ನಿಂತಿರುತ್ತಿದ್ದರು. ಕೆಂಚ ಎಲ್ಲರಿಗಿಂತ ಮುಂದೆ, ಪಾದ ನೀರಿನಲ್ಲಿಟ್ಟು ನಿಂತಿರುತ್ತಿದ್ದ. ಅಕ್ಕನ ದನಿಯಲ್ಲಿ ಜ್ವರ ಇದೆಯೇ, ನೆಗಡಿ ಇದೆಯೇ ಎಂದು ಆಲಿಸುತ್ತಿದ್ದ.

ಹಿರಿಯರ ಕೈ ಮರಗಟ್ಟತೊಡಗಿದಾಗ ಅವರು ಹೊನ್ನಮ್ಮನನ್ನು ಕರೆದರು.

"ಇನ್ನು ನೀವೇ ನೋಡಬೇಕು ತಾಯಿ. ಈ ಊರಲ್ಲಿ ದೋಣಿ ಕಟ್ಟಿದ ಕೈ ನಿಮ್ಮದೊಂದೇ."

"ಒಂದು ಕೇಳಲಾ ಅಯ್ಯಾ? ಈ ಕಟ್ಟಳೆ ಯಾಕೆ ಬಂತು?"

ಹಿರಿಯರು ಯೋಚಿಸಿ ಹೇಳಿದರು. "ನಮ್ಮ ತಾತಂದಿರ ಕಾಲದಲ್ಲಿ ಮರ ಕೊಟ್ಟಿದ್ದರಂತೆ. ರಾಶಿರಾಶಿ ಕೊಟ್ಟಿದ್ದರಂತೆ. ಅರ್ಧ ಒಲೆಗೆ ಹೋಯಿತಂತೆ, ಅರ್ಧ ಬಿಸಿಲಿಗೆ ಬಿರಿಯಿತಂತೆ. ದೋಣಿ ಆಗಲಿಲ್ಲ. ಕೊಟ್ಟರೆ ಕೈ ಸೋಮಾರಿಯಾಗುತ್ತೆ ಅಂತ ಆಗ ಗೊತ್ತಾಯಿತು. ನಾವು ಕಲ್ಲಿನ ಮನಸ್ಸಿನವರಲ್ಲ ತಾಯಿ. ಕೈ ಕೆಡಬಾರದು ಅಂತ ಅಷ್ಟೇ."

ಹೊನ್ನಮ್ಮನಿಗೆ ಅದು ಸರಿಯೆನಿಸಿತು. ತಾಯಿಯ ಪಕ್ಕದ ಆ ಒಲೆ ಅವಳ ಕಣ್ಣಿಗೆ ಬಂತು. ಅವಳು ಮೆಟ್ಟಿಲ ಮೇಲೆ ಕುಳಿತಳು.

ಅವಳ ಅಂಗೈ ಹಿರಿಯರದಕ್ಕಿಂತ ಚುರುಕಾಗಿತ್ತು. ಅಂಟಿನ ಕೆಳಗೆ, ಹಗ್ಗದ ಕೆಳಗೆ, ಮರಳಿನಿಂದ ತಿಕ್ಕಿ ನಯ ಮಾಡಿದ ಕೊಡಲಿಯ ಗೀರು ಕೂಡ ಅವಳಿಗೆ ತಿಳಿಯುತ್ತಿತ್ತು. ಬಂದ ದೋಣಿಗಳು ಒಂದೊಂದಾಗಿ ಮುರಿದವು. ಒಮ್ಮೆ ಒಬ್ಬ ಬೆಸ್ತ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದ.

"ನೀರಲ್ಲಿ ತೇಲ್ತಾ ಬಂತು, ಹಿಡಿದೆ ತಾಯಿ. ನೀರಿಗೆ ಯಾರು ಹಾಕಿದರೋ ನನಗೇನು ಗೊತ್ತು?" ಎಂದ.

"ನಿನಗೆ ಗೊತ್ತಿಲ್ಲದಿರಬಹುದು, ಮರಕ್ಕೆ ಗೊತ್ತು," ಎಂದಳು ಹೊನ್ನಮ್ಮ. "ಮತ್ತೆ ಕಟ್ಟು. ನನಗಾಗಿದ್ದು ನಿನಗೆ ಯಾಕಾಗಲ್ಲ?"

ಬೆಸ್ತ ಮೆತ್ತೆಯ ಮೇಲೆ ಕೂತು ಹಿಂದಿರುಗಿದ. ಅವನು ಮತ್ತೆ ಕಟ್ಟಲಿಲ್ಲ.

ಕಾಲ ಕಳೆಯಿತು. ಈಚೆ ದಡದಲ್ಲಿ ಕೆಂಚನ ಮದುವೆಯಾಯಿತು, ಮಗಳು ಹುಟ್ಟಿದಳು, ಹೆಂಡತಿ ತೀರಿಕೊಂಡಳು. ಮಗಳಿಗೆ ತನ್ನ ತಾಯಿಯ ನೆನಪಿನಲ್ಲಿ ಪುಟ್ಟತಾಯಿ ಎಂದು ಹೆಸರಿಟ್ಟಿದ್ದ. ಅವಳಿಗಾಗಿ ಕೆಂಚ ನೀರಿಗಿಳಿದ. ಅಕ್ಕ ನಿಂತಿದ್ದ ಮಡುವಿನಲ್ಲೇ, ಅಕ್ಕ ನಿಂತಷ್ಟೇ ಆಳದಲ್ಲಿ ನಿಂತ. ಮಗಳು ಹೆಗಲೆತ್ತರಕ್ಕೆ ಬೆಳೆದಳು, ಅವಳೂ ಇಳಿದಳು. ಇಬ್ಬರೂ ಸೇರಿ ಕೆತ್ತಿದರು, ಬಿಗಿದರು, ಮೆತ್ತಿದರು. ಚಳಿಗಾಲ ಬಂದಾಗ ಕೆಂಚ ಒಂದು ಸೀಳೂ ಸುಡಲಿಲ್ಲ. ಪಕ್ಕದ ಗುಡಿಸಲಿನವರು, "ಅಂಗೈಯಗಲ ಬೆಂಕಿ ಮಾಡ್ಕೊಳ್ಳೋ," ಎಂದರೆ, "ಒಂದ್ಸಲ ಸುಟ್ಟಿದ್ದೀನಿ, ಸಾಕು," ಎಂದ.

ಒಂದು ಬೆಳಗ್ಗೆ ಹೊನ್ನಮ್ಮ ಮೆಟ್ಟಿಲ ಮೇಲಿದ್ದಾಗ ಹೊಳೆಯ ನಡುವೆ ದೋಣಿ ಕಾಣಿಸಿತು. ಹುಟ್ಟು ಹಾಕುವವನ ಭುಜ ಏಳುವ ಬಗೆ ನೋಡಿಯೇ ಅವಳಿಗೆ ತಿಳಿಯಿತು. ಎದ್ದು ನಿಂತಳು. ಊರಿಗೆ ಸುದ್ದಿ ಹೋಯಿತು. "ಹೊನ್ನಮ್ಮನವರ ತಮ್ಮನಂತೆ!" ಜನ ಹಾರ ಕಟ್ಟಿಸಿಕೊಂಡೇ ಬಂದರು.

ಕೆಂಚನ ತಲೆ ನರೆತಿತ್ತು. ದೋಣಿಯಿಂದಿಳಿದು, ಅಕ್ಕನ ಸೀರೆ, ಅಕ್ಕನ ಮುಖ, ಅಕ್ಕನ ಕಾಲಲ್ಲಿದ್ದ ಮೆಟ್ಟು ಎಲ್ಲವನ್ನೂ ನೋಡಿ ನಕ್ಕ. "ಚೆನ್ನಾಗಿದ್ದೀಯಕ್ಕ. ಇವಳು ಪುಟ್ಟತಾಯಿ."

ಹೊನ್ನಮ್ಮ ದೋಣಿಯ ಪಕ್ಕಕ್ಕೆ ಬಂದಳು. ಮಂಡಿಯೂರಿದಳು. ಕಣ್ಣು ಮುಚ್ಚಿದಳು. ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತ ಹಲಗೆಯ ಮೇಲೆ ಕೈಯಿಟ್ಟಳು. ದೋಣಿ ಅಚ್ಚುಕಟ್ಟಾಗಿತ್ತು. ಅವಳದಕ್ಕಿಂತ ಚೆನ್ನಾಗಿತ್ತು. ಒಂದು ಹಲಗೆ ಮುಗಿಯಿತು, ಇನ್ನೊಂದು ಮುಗಿಯಿತು. ತಳದ ಹಲಗೆಯ ತುದಿಯಲ್ಲಿ, ಅಂಟಿನ ಕೆಳಗೆ, ಅವಳ ನಡುಬೆರಳು ನಿಂತಿತು.

ಅವಳು ಬೆರಳನ್ನು ಅಲ್ಲಿಂದ ತೆಗೆದು ಮತ್ತೆ ಅಲ್ಲಿಗೇ ತಂದಳು. ಗೀರು ಇತ್ತು.

ಮೆಟ್ಟಿಲ ಮೇಲೆ ಊರೇ ನಿಂತಿತ್ತು. ಬೆಸ್ತನ ದೋಣಿ ಮುರಿದಾಗ ನಿಂತಿದ್ದ ಅದೇ ಜನ.

"ಕೆಂಚಾ, ಈ ಮರ ಎಲ್ಲಿಂದ ಬಂತೋ?"

"ಎಲ್ಲಿಂದ ಅಂದ್ರೆ? ನಮ್ಮ ಮಡುವಿಗೆ ಬಂತು. ನಿನಗೆ ಬರ್ತಿತ್ತಲ್ಲ, ಹಾಗೇ. ನೆಟ್ಟಗೆ, ಉದ್ದಕೆ."

"ನನಗೆ ಹೊಳೆ ತಂದುಕೊಟ್ಟಿದ್ದು."

"ನನಗೂ ಹೊಳೇನೇ ತಂದ್ಕೊಟ್ಟಿದ್ದಕ್ಕ."

ಹೊನ್ನಮ್ಮ ಎದ್ದು ನಿಂತಳು. ತಮ್ಮನ ಮುಖ ನೋಡಲಿಲ್ಲ, ನೀರು ನೋಡಿದಳು. "ಕಳಿಸಿದ್ದು," ಎಂದಳು.

ಮೆಟ್ಟಿಲ ಮೇಲೆ ನಿಟ್ಟುಸಿರು ಕೇಳಿಸಿತು. ಹಿಂದಿನಿಂದ ಯಾರೋ, "ಎಂಥ ನ್ಯಾಯ! ಒಡಹುಟ್ಟಿದವನನ್ನೂ ಬಿಡಲಿಲ್ಲ," ಎಂದು ಕೈಮುಗಿದರು. ದೋಣಿ ಒಡೆಯುವವರು ಕೊಡಲಿ ತಂದರು. ಮೊದಲ ಏಟು ಬಿದ್ದಾಗ ಕೆಂಚ ತನ್ನ ಮೈಮೇಲೆ ಬಿದ್ದಂತೆ ಕುಗ್ಗಿದ. ಆಮೇಲೆ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಎಲ್ಲಿ ತಪ್ಪಿದೆನಕ್ಕ?" ಎಂದು ಕೇಳಿದ.

ಬಣ್ಣದ ದೋಣಿ ಬಂತು. ಕೆಂಚ ಮೆತ್ತೆಯ ಅಂಚಿನಲ್ಲಿ ಕುಳಿತ. ಪುಟ್ಟತಾಯಿ ಕೂರಲಿಲ್ಲ, ಈಚೆ ದಡದವರೆಗೂ ನಿಂತೇ ಹೋದಳು.

ಅಂದಿನಿಂದ ಹೊನ್ನಮ್ಮನಿಗೆ ಊಟ ಸೇರಲಿಲ್ಲ. ಮರ ಕಳಿಸುವವರು ಯಾರು? ತನ್ನ ತಮ್ಮನ ದೋಣಿ ಕೆಡಿಸಿದವರು ಯಾರು? ಸಿಟ್ಟು ಹಿಡಿದು ಅವಳು ಹೊಳೆಯ ದಂಡೆಗುಂಟ ಮೇಲಕ್ಕೆ ನಡೆದಳು. ಗದ್ದೆಗಳು ಮುಗಿದವು, ಕಾಡು ಶುರುವಾಯಿತು. ಕಾಡು ಹೊಳೆಗೆ ತಾಗುವ ಇಳಿಜಾರಿನಲ್ಲಿ ಒಬ್ಬ ಮುದುಕ ಬಿದ್ದ ಮರವೊಂದರ ಕೊಂಬೆ ಸವರುತ್ತಿದ್ದ. ಏಟಿಗೊಮ್ಮೆ ಕೊಡಲಿಯನ್ನು ನೆಲಕ್ಕೂರಿ ಉಸಿರು ತೆಗೆದುಕೊಳ್ಳುತ್ತಿದ್ದ.

"ಹೊಳೆಗೆ ಮರ ಹಾಕೋನು ನೀನೇನಾ?"

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. "ಹೌದವ್ವ, ನಾನೇ."

"ಯಾಕೆ?"

ಅವನಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿತು. "ಇಲ್ಲಿ ಬಿದ್ದು ಕೊಳೀತಿರುತ್ತೆ. ಹೊಳೆ ಪಕ್ಕದಲ್ಲೇ ಇದೆ. ತಳ್ತೀನಿ. ಅಷ್ಟೇ."

"ನಿನ್ನಿಂದ ಎಷ್ಟು ಜನ ಹಾಳಾದರು ಗೊತ್ತಾ? ನಿನ್ನ ಮರ ಹಿಡಿದು ದೋಣಿ ಕಟ್ತಾರೆ, ಅಲ್ಲಿ ಒಡೀತಾರೆ."

ಮುದುಕ ಮರದ ಮೇಲೆ ಕುಳಿತ. "ಮುಂಚೆ ಹಾಗಾಗ್ತಿರಲಿಲ್ಲ. ಕಡಿದ ತುದಿಯನ್ನ ಮರಳಲ್ಲಿ ತಿಕ್ಕಿ, ಕಲ್ಲಲ್ಲಿ ಜಜ್ಜಿ, ಮುರಿದ ಹಾಗೆ ಮಾಡ್ತಿದ್ದೆ. ಈಗ ಕೈಲಿ ಕಸುವಿಲ್ಲ, ಕಣ್ಣೂ ಮಂಜು. ಗುರುತು ಉಳಿದುಬಿಡುತ್ತೆ." ತಪ್ಪು ಮಾಡಿದವನಂತೆ ಕೊಡಲಿಯ ಬಾಯಿ ಸವರಿದ. "ಬಹಳ ಹಿಂದೆ, ಆ ತಿರುವಿನ ಮಡುವಿನಲ್ಲಿ ಒಂದು ಹುಡುಗಿ ನಿಲ್ತಿದ್ದಳು. ಕುತ್ತಿಗೆಮಟ್ಟ ನೀರಲ್ಲಿ. ಆಗ ನನ್ನ ಕಣ್ಣು ಚುರುಕು, ಆ ಗುಡ್ಡದ ಮೇಲಿಂದ ಕಾಣ್ತಿತ್ತು. ಅವಳಿಗೆ ಅಂತ ನೆಟ್ಟಗಿರೋ ಮರ ಆರಿಸಿ ತಳ್ತಿದ್ದೆ. ನೀರಿನ ಸೆಳೆತ ನೋಡಿಕೊಂಡು, ಸರಿಯಾಗಿ ಅವಳ ಹೆಗಲಿಗೆ ತಾಗೋ ಹಾಗೆ. ದಾಟಿದಳೋ ಏನೋ, ಒಂದು ನೆರೆಯಲ್ಲಿ ಕಾಣಿಸಲಿಲ್ಲ."

ಹೊನ್ನಮ್ಮ ಪಕ್ಕದ ಗಿಡ ಹಿಡಿದುಕೊಂಡಳು. "ಅವಳ ಮರಕ್ಕೆ ಗುರುತಿರಲಿಲ್ಲ," ಎಂದಳು.

"ಆಗ ನನಗೆ ಚೆನ್ನಾಗಿ ತಿಕ್ಕೋಕೆ ಬರ್ತಿತ್ತು," ಎಂದ ಮುದುಕ.

ಹೊಳೆ ಹರಿಯುವ ಸದ್ದು ಕೇಳುತ್ತಿತ್ತು. ಮುದುಕನಿಗೆ ಏನು ಹೊಳೆಯಿತೋ, ಅವಳ ಕೈಗಳನ್ನು ನೋಡಿ ಮೆಲ್ಲಗೆ ಹೇಳಿದ. "ಎಷ್ಟೋ ಮರ ತಳ್ಳಿದ್ದೀನವ್ವ. ಹೆಚ್ಚಿನವು ಸಮುದ್ರಕ್ಕೆ ಹೋದವು. ಕೆಲವು ಒಲೆಗೆ ಹೋದವು. ಬರೀ ತಳ್ಳಿದರೆ ದೋಣಿ ಆಗಲ್ಲ. ನೀರಲ್ಲಿ ನಿಂತವಳು ಅವಳು, ಕಟ್ಟಿದವಳು ಅವಳು. ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ. ಮರ ಮಾತ್ರ ಇಲ್ಲಿಂದ ಹೋಗಿದ್ದು."

ಹೊನ್ನಮ್ಮ ಊರಿಗೆ ಹಿಂದಿರುಗಿ ನೇರವಾಗಿ ಚಾವಡಿಗೆ ಹೋದಳು. ಚಾವಡಿಗೇರಿದ ಮೇಲೆ ತನ್ನ ದೋಣಿಯನ್ನು ಅವಳು ಎಂದೂ ಮುಟ್ಟಿ ನೋಡಿರಲಿಲ್ಲ. ನೋಡುವ ಅಗತ್ಯ ಬಿದ್ದಿರಲಿಲ್ಲ. ಈಗ ಕಣ್ಣು ಮುಚ್ಚಿ ಕೈಯಾಡಿಸಿದಳು. ಎಲ್ಲ ಹಲಗೆಯ ತುದಿಯಲ್ಲೂ ಗೀರಿತ್ತು. ಯಾರೋ ತಾಳ್ಮೆಯಿಂದ, ಅಕ್ಕರೆಯಿಂದ ತಿಕ್ಕಿ ಅಳಿಸಿದ ಗೀರು.

ಹುಣ್ಣಿಮೆಯ ಸಂಜೆ ಜನ ಸೇರಿದಾಗ ಅವಳು ಹೊಳೆಗೆ ಬೆನ್ನು ಹಾಕಿ ಊರಿನವರ ಕಡೆ ತಿರುಗಿ ನಿಂತಳು.

"ನನ್ನ ದೋಣಿಯ ಮರವೂ ಕಳಿಸಿದ್ದೇ," ಎಂದಳು. "ಅದನ್ನು ಒಡೆಯಿರಿ. ಕಟ್ಟಳೆಯಂತೆ ನನ್ನನ್ನೂ ಹಿಂದಕ್ಕೆ ಬಿಡಿ. ಇಲ್ಲವಾದರೆ ನನ್ನ ತಮ್ಮನನ್ನು ಕರೆಸಿ."

ಕೈ ಮರಗಟ್ಟಿದ ಹಿರಿಯರು ಮುಂದೆ ಬಂದು ಅವಳ ತಲೆ ಸವರಿದರು. "ತಮ್ಮನ ಸಂಕಟ ತಾಯಿ. ಒಂದೆರಡು ದಿನ ಮಲಗಿ, ಸರಿಹೋಗುತ್ತೆ."

"ನಾನು ನಿಜ ಹೇಳ್ತಿದ್ದೀನಿ ಅಯ್ಯಾ. ಮುಟ್ಟಿ ನೋಡಿ."

"ಆ ದೋಣಿಯನ್ನು ಒಡೆದರೆ," ಎಂದರು ಹಿರಿಯರು ಬಹಳ ಮೃದುವಾಗಿ, "ನಮ್ಮ ಮಕ್ಕಳಿಗೆ ನಾವು ಏನು ತೋರಿಸೋಣ?"

ಅವಳ ಕೊರಳಿಗೆ ಹಾರ ಹಾಕಿ ಮನೆಗೆ ಕರೆದೊಯ್ದರು.

ಮರುದಿನ ಬೆಳಗ್ಗೆ ಹೊನ್ನಮ್ಮ ಮೆಟ್ಟಿಲಿಳಿದು ಬಣ್ಣದ ದೋಣಿಯ ಹಗ್ಗ ಬಿಚ್ಚಿದಳು. ಕಾವಲಿಗಿದ್ದ ಅಂಬಿಗ ಎದ್ದು ಬಂದ. "ಯಾರನ್ನ ಬಿಟ್ಟುಬರಬೇಕಮ್ಮ?"

"ನನ್ನನ್ನೇ," ಎಂದಳು. ಅವನು ಏನು ಮಾಡಬೇಕೆಂದು ತಿಳಿಯದೆ ನಿಂತ. ಎರಡು ಹುಟ್ಟಿನ ದೋಣಿಯನ್ನು ಒಂದು ಜೊತೆ ಕೈಯಲ್ಲಿ ಸಂಭಾಳಿಸುತ್ತ, ಸೆಳವಿಗೆ ಸಿಕ್ಕಿ ಕೆಳಕ್ಕೆ ಜಾರುತ್ತ, ಮತ್ತೆ ಮೇಲೇರುತ್ತ, ಬಿಸಿಲು ನೆತ್ತಿಗೆ ಬರುವಾಗ ಅವಳು ಈಚೆ ದಡ ಮುಟ್ಟಿದಳು.

ಬಣ್ಣದ ದೋಣಿ ಕಂಡದ್ದೇ ಜನ ಗುಡಿಸಲೊಳಗೆ ಸರಿದರು. ಅವರ ಪಾಲಿಗೆ ಅದು ಅವಮಾನದ ದೋಣಿ. ಅದರಲ್ಲಿ ಬಂದವರ ಮುಖ ನೋಡಬಾರದೆಂದು, ನೋಡಿದರೆ ಬಂದವರಿಗೆ ಇನ್ನೂ ನೋವೆಂದು, ಅವರು ಒಳಸೇರುತ್ತಿದ್ದರು. ಹೊನ್ನಮ್ಮ ಮಡುವಿನ ಪಕ್ಕದ ಗುಡಿಸಲಿಗೆ ನಡೆದಳು. ಬಾಗಿಲಲ್ಲಿ ಪುಟ್ಟತಾಯಿ ಒಬ್ಬಳೇ ಕುಳಿತು ಹುಲ್ಲಿನ ಬೀಜ ಕೇರುತ್ತಿದ್ದಳು.

"ಅಪ್ಪ ಎಲ್ಲಮ್ಮ?"

ಹುಡುಗಿ ಮೊರವನ್ನು ಕೆಳಗಿಟ್ಟಳು. "ಹೋದ ವಾರ ತೀರಿಕೊಂಡರು ಅತ್ತೆ."

ಹೊನ್ನಮ್ಮ ಅಲ್ಲೇ ಮರಳಿನ ಮೇಲೆ ಕುಳಿತಳು.

"ವಾಪಸ್ ಬಂದಮೇಲೆ ನೀರಿಗಿಳಿಯಲಿಲ್ಲ," ಎಂದಳು ಪುಟ್ಟತಾಯಿ. ಅವಳು ಅಳುತ್ತಿರಲಿಲ್ಲ. "ಕೈ ನೋಡಿಕೊಂಡು ಕೂತಿರೋರು. ಚಳಿ ಹತ್ತಿತು. ಅಕ್ಕಪಕ್ಕದವರು ತಮ್ಮ ತಮ್ಮ ಹಲಗೆ ತಂದು ಬೆಂಕಿ ಮಾಡೋಕೆ ಬಂದರು. 'ಬೇಡಿ, ಅದು ನಿಮ್ಮ ದೋಣಿ, ನನಗೋಸ್ಕರ ಸುಡಬೇಡಿ' ಅಂತ ಕೈಮುಗಿದುಬಿಟ್ಟರು. ಕೊನೇವರೆಗೂ ಒಂದೇ ಮಾತು. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ."

ಹೊನ್ನಮ್ಮ ಎಲ್ಲವನ್ನೂ ಹೇಳಿದಳು. ಕಾಡಿನ ಮುದುಕನನ್ನು, ತನ್ನ ದೋಣಿಯ ಗೀರುಗಳನ್ನು, ಏನನ್ನೂ ಬಿಡದೆ ಹೇಳಿದಳು. "ಅಷ್ಟು ವರ್ಷ ನಿಮಗೆ ಸುಳ್ಳು ಕೂಗಿಬಿಟ್ಟೆ," ಎಂದಳು.

"ನೀವು ನಿಂತಿದ್ದು ಸುಳ್ಳಲ್ಲವಲ್ಲ ಅತ್ತೆ. ಅಪ್ಪನೇ ಹೇಳೋರು."

"ನಿಂತಿದ್ದು ನಿಜ. ಒಬ್ಬಳೇ ನಿಂತಿದ್ದೆ ಅಂದದ್ದು ಸುಳ್ಳು."

ಹುಡುಗಿ ತಲೆಯೆತ್ತಿದಳು. "ಹಾಗಾದರೆ ಅಪ್ಪನ ದೋಣಿ ಸರಿಯಿತ್ತಾ?"

"ಸರಿಯಿತ್ತು ತಾಯಿ. ನನ್ನದಕ್ಕಿಂತ ಚೆನ್ನಾಗಿತ್ತು."

"ಅದೊಂದು ಮಾತು ಅವರಿಗೆ ಹೇಳಬೇಕಿತ್ತು," ಎಂದಳು ಪುಟ್ಟತಾಯಿ. ಆಗ ಅತ್ತಳು.

ಕೆಂಚನನ್ನು ಹೂತ ಜಾಗ ದಡದ ಮೇಲಿನ ದಿಬ್ಬದಲ್ಲಿತ್ತು. ಗಾಳಿ ಆಗಲೇ ಅರ್ಧ ಮರಳನ್ನು ಹಾರಿಸಿ ಸಮ ಮಾಡಿತ್ತು. ಹೊನ್ನಮ್ಮ ಅದರ ಮೇಲೆ ಎರಡೂ ಅಂಗೈಯಿಟ್ಟಳು. "ಎಲ್ಲೂ ತಪ್ಪಲಿಲ್ಲ ಕಣೋ ಕೆಂಚಾ," ಎಂದಳು. "ನೀನೆಲ್ಲೂ ತಪ್ಪಲಿಲ್ಲ." ಮತ್ತೆ ಮತ್ತೆ ಹೇಳಿದಳು. ಹೊಳೆಯಾಚೆಗೂ ಮುಟ್ಟುತ್ತಿದ್ದ ದನಿ ಅಷ್ಟು ಹತ್ತಿರವಿದ್ದವನಿಗೆ ಮುಟ್ಟಲಿಲ್ಲ.

ಅವರು ದಿಬ್ಬವಿಳಿದು ಬಂದಾಗ ಬಣ್ಣದ ದೋಣಿಯಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು. ಮಡಿಲಲ್ಲಿ ಮೈ ಸುಡುವ ಕೂಸು. ಮೆತ್ತೆಗೆ ತಾಗದಂತೆ ಸೆಟೆದು ಕುಳಿತಿದ್ದಳು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು.

"ಇದು ಆಚೆಗೆ ಹೋಗುತ್ತಾ?" ಎಂದು ಸೆರಗಿನೊಳಗಿಂದ ಕೇಳಿದಳು.

"ಹೋಗುತ್ತೆ," ಎಂದಳು ಹೊನ್ನಮ್ಮ.

"ನನ್ನ ಹತ್ತಿರ ಮರ ಇಲ್ಲ. ಇದ್ದದ್ದನ್ನ ಇವನಿಗೆ ಕಾಯಿಸಿಬಿಟ್ಟೆ."

"ಒಳ್ಳೇದು ಮಾಡಿದೆ."

ಗುಡಿಸಲುಗಳ ಬಾಗಿಲಲ್ಲಿ ಮುಖಗಳು ಕಾಣಿಸಿದವು, ಯಾರೂ ಹೊರಗೆ ಬರಲಿಲ್ಲ. ಹೊನ್ನಮ್ಮ ಪುಟ್ಟತಾಯಿಯ ಕಡೆ ತಿರುಗಿದಳು. "ಬಾಮ್ಮ. ಕೂತ್ಕೊ."

"ನಾ ಕೂರಲ್ಲ ಅತ್ತೆ," ಎಂದಳು ಹುಡುಗಿ. ಆಮೇಲೆ ನೀರಿಗಿಳಿದು, ದೋಣಿಯ ಅಂಚು ಹಿಡಿದು ಹತ್ತಿ, ಎರಡನೆಯ ಹುಟ್ಟನ್ನು ಕೈಗೆತ್ತಿಕೊಂಡಳು. "ಹುಟ್ಟು ಹಾಕ್ತೀನಿ."

ಎರಡು ಹುಟ್ಟೂ ಬಿದ್ದಾಗ ದೋಣಿ ನೆಟ್ಟಗೆ ಸಾಗಿತು. ಆಚೆ ದಡದ ಮೆಟ್ಟಿಲ ಮೇಲೆ ಆಗಲೇ ಜನ ಸೇರುತ್ತಿದ್ದರು. ಅವರ ಕೈಯಲ್ಲಿ ಇರುವುದು ಹಾರವೋ ಕೊಡಲಿಯೋ ಇಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಕೂಸಿನ ತಾಯಿ ಸೆರಗು ಸರಿಸಿ ಅತ್ತ ನೋಡುತ್ತಿದ್ದಳು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿದ್ದರಿಂದ ಪುಟ್ಟತಾಯಿಗೆ ಆ ದಡ ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಅಪ್ಪ ಮಲಗಿದ್ದ ದಿಬ್ಬ. ಒಂದೊಂದು ಎಳೆತಕ್ಕೂ ಅದು ಚಿಕ್ಕದಾಗುತ್ತ ಬಂತು. ಚಿಕ್ಕದಾಗಿ, ಬಿಸಿಲಲ್ಲಿ ಬೆಳ್ಳಗಾಗಿ, ಉಳಿದ ಮರಳಿನಲ್ಲಿ ಯಾವುದು ಅದೆಂದು ಗೊತ್ತಾಗದ ಹಾಗಾಯಿತು. ಅವಳು ಆ ಕಡೆಯೇ ನೋಡುತ್ತ ಹುಟ್ಟು ಹಾಕಿದಳು.